ಒಪಿನೆಲ್ ಚಾಕು
ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ, ಮರದ ಹಿಡಿಯ ಮಡಚುವ ಚಾಕು. ಹೆಚ್ಚು ಬಳಕೆಯಲ್ಲಿರುವ 8ನೇ ಅಳತೆಯದರ ಅಲಗು 8.5 ಸೆಂ.ಮೀ. ಉದ್ದ. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುಬಳೆ ಸೇರಿದ್ದು 1955ರಲ್ಲಿ. ಇಷ್ಟು ಸರಳವೂ ಗಟ್ಟಿಯೂ ಆದ ಬೀಗ ಅಪರೂಪ.

ಕೊಳ್ಳುವಾಗ ಮುಖ್ಯವಾಗಿ ನೋಡಬೇಕಾದದ್ದು ಉಕ್ಕು. ಸುಮಾರು ಶೇ. 0.9 ಇಂಗಾಲವಿರುವ ಕಾರ್ಬನ್ ಉಕ್ಕು ಸಾಣೆಕಲ್ಲಿಗೆ ಬೇಗ ಒಲಿಯುತ್ತದೆ, ಹರಿತವನ್ನೂ ಉಳಿಸಿಕೊಳ್ಳುತ್ತದೆ. ಆದರೆ ನಿಂಬೆರಸ ತಗುಲಿದರೆ ಕಪ್ಪಾಗುತ್ತದೆ, ತೇವದಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ; ಒರೆಸಿ ಎಣ್ಣೆ ಸವರಿಡಬೇಕು. ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕಿಗೆ ಈ ಆರೈಕೆ ಅಷ್ಟಾಗಿ ಬೇಡ. ಕರಾವಳಿ, ಮಲೆನಾಡುಗಳ ಮಳೆಗಾಲಕ್ಕೆ ಅದೇ ವಾಸಿ. ನೀರು ಕುಡಿದು ಹಿಡಿ ಉಬ್ಬಿದರೆ ಅಲಗು ಬಿಗಿಯಾಗುತ್ತದೆ. ನೆರಳಲ್ಲಿ ಒಣಗಿಸಿದರೆ ಸಡಿಲವಾಗುತ್ತದೆ.