ಸೇವಕನ ವಿದ್ಯಾಭ್ಯಾಸ

ಪರೋಪಕಾರಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು, ಶಿಕ್ಷಣವೇತಕ್ಕೆ ಎಂಬ ಭಾವನೆಯು ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಧರ್ಮಶ್ರದ್ಧೆಯಿಂದ ಹೊರಟವನ ವಿಷಯದಲ್ಲಂತೂ ಹೀಗೆ ಕೇಳುವುದೇ ಅವಿನಯವೆಂದು ಎಣಿಸುವವರುಂಟು. ಆದರೆ ರೋಗಿಯ ಮಗ್ಗುಲಲ್ಲಿ ಕುಳಿತವನಿಗೆ ರೋಗಿಯ ಮಾತೇ ತಿಳಿಯದಿದ್ದರೆ ಆ ಶ್ರದ್ಧೆಯಿಂದ ರೋಗಿಗೆ ಆಗುವ ಪ್ರಯೋಜನವೇನು? ಕುಂದಾಪುರದಿಂದ ಬಾರಕೂರಿನವರೆಗಿನ ಕರಾವಳಿಯಲ್ಲಿ 17ನೆಯ ಶತಮಾನದ ಕೊನೆಯ ಭಾಗದಲ್ಲಿ ದುಡಿದ ಜೋಸೆಫ್ ವಾಜ್ ಎಂಬ ಪಾದ್ರಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದವರು ವಿರಳ.

ವಾಜರು ಹುಟ್ಟಿದುದು 1651ರ ಏಪ್ರಿಲ್ 21ರಂದು, ಗೋವೆಯ ಬೆಣಾವಲಿಯಲ್ಲಿ. ಮನೆಮಾತು ಕೊಂಕಣಿ. ಪೋರ್ತುಗೀಸು, ಲ್ಯಾಟಿನ್, ಅಲಂಕಾರಶಾಸ್ತ್ರ, ತತ್ತ್ವಶಾಸ್ತ್ರ, ದೈವಶಾಸ್ತ್ರ ಇವುಗಳನ್ನು ಕ್ರಮವಾಗಿ ಓದಿ 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಆ ಕಾಲದ ಗೋವೆಯಲ್ಲಿ ಪಾದ್ರಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷಣವಿರಲಿಲ್ಲ. ಸಾಂಕ್ವಾಳದಲ್ಲಿ ತಾವೇ ಒಂದು ಲ್ಯಾಟಿನ್ ಶಾಲೆಯನ್ನೂ ತೆರೆದರು. ಅವರು ಅಷ್ಟರಲ್ಲೇ ನಿಂತಿದ್ದರೆ ಊರಿನ ಒಬ್ಬ ಉಪಾಧ್ಯಾಯರಾಗಿ ಬಾಳನ್ನು ಮುಗಿಸುತ್ತಿದ್ದರೋ ಏನೋ. ಮನಸ್ಸು ಸಿಂಹಳದ್ವೀಪದ ಕಡೆಗಿದ್ದರೂ ಮೇಲಧಿಕಾರಿಗಳು ಅವರನ್ನು 1681ರಲ್ಲಿ ಕನ್ನಡ ಕರಾವಳಿಯ ಮುಖ್ಯಸ್ಥರನ್ನಾಗಿ ಕಳುಹಿಸಿದರು.

ಆಗಿನ ಈ ಸೀಮೆಯ ಸ್ಥಿತಿಯನ್ನು ಸ್ವಲ್ಪ ಗ್ರಹಿಸಬೇಕು. ಬಸರೂರಿನ ಅಕ್ಕಿಯ ವ್ಯಾಪಾರದ ಮೇಲೆ ಕಣ್ಣಿಟ್ಟು ಬಂದ ಪೋರ್ತುಗೀಸರು 1569ರ ಸುಮಾರಿಗೆ ಇಲ್ಲಿ ಕಾಲೂರಿದ್ದರು. ಕುಂದಾಪುರದ ರೋಸರಿ ಮಾತೆಯ ಇಗರ್ಜಿಯು 1570ರಲ್ಲಿ ಸ್ಥಾಪನೆಯಾಯಿತೆಂದು ಪರಂಪರೆ. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಈ ಬಂದರುಗಳಿಂದ ಹೊರಡಿಸಿದನು. 1665ರಲ್ಲಿ ಶಿವಾಜಿಯ ಹಡಗುಗಳು ಬಸರೂರನ್ನು ಸೂರೆಮಾಡಿದುವು. ವಾಜರು ಬಂದಾಗ ಕೆಳದಿಯನ್ನು ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಫಿರಂಗಿಗಳ ಕೋಟೆ ಹೋಗಿತ್ತು. ಗೋವೆಯಿಂದ ಬಂದು ಗದ್ದೆ ಹಿಡಿದಿದ್ದ ಕೊಂಕಣಿ ಕ್ರೈಸ್ತ ಒಕ್ಕಲುಗಳು ಉಳಿದಿದ್ದುವು. ಅವರಿಗೆ ಗುರುಗಳು ಸಾಲದು, ಮಕ್ಕಳಿಗೆ ಅಕ್ಷರವಿಲ್ಲ, ಇಗರ್ಜಿಗಳು ಶಿಥಿಲವಾಗಿದ್ದುವು.

ಇದರ ಮೇಲೆ ಒಂದು ಅಧಿಕಾರದ ಜಗಳವೂ ಇತ್ತು. ಪೂರ್ವದೇಶದ ಇಗರ್ಜಿಗಳ ಮೇಲೆ ಪೋರ್ತುಗಾಲಿನ ದೊರೆಗೆ ‘ಪಾದ್ರೊವಾದೊ’ ಎಂಬ ಹಕ್ಕಿದ್ದಿತು. ರೋಮಾಪುರಿಯಿಂದ ನೇರವಾಗಿ ನೇಮಕಗೊಂಡ ತೋಮಾಸ್ ದ ಕಾಸ್ತ್ರೊ ಎಂಬ ಗೋವೆಯವರು ಅದೇ ಸೀಮೆಯನ್ನು ತಮ್ಮದೆಂದರು. ಜನ ಎರಡು ಪಕ್ಷವಾಯಿತು. ಒಬ್ಬರ ಕೈಯಿಂದ ಆದ ಮದುವೆಯನ್ನು ಇನ್ನೊಬ್ಬರು ಸಲ್ಲದೆನ್ನುವ ಭಯ ಹುಟ್ಟಿತು. ಗೋವೆಯ ಯಾವ ಪಾಠಶಾಲೆಯಲ್ಲಿಯೂ ಇದಕ್ಕೆ ಪಾಠವಿರಲಿಲ್ಲ. ತಮ್ಮ ಪಕ್ಷವನ್ನು ಬಿಡದೆ, ಎದುರು ಪಕ್ಷದವರನ್ನು ಜರೆಯದೆ, ವಿನಯದಿಂದ ಒಪ್ಪಂದವನ್ನು ಹುಡುಕುವುದು ಹೇಗೆಂಬುದನ್ನು ವಾಜರು ಇಲ್ಲಿಯೇ ಕಲಿಯಬೇಕಾಯಿತು.

ಬಸರೂರು, ಕುಂದಾಪುರ, ಗಂಗೊಳ್ಳಿ, ಬಾರಕೂರು, ಕಲ್ಯಾಣಪುರ ಇವೆಲ್ಲ ಹೊಳೆಗಳ ನಡುವಿನ ಊರುಗಳು. ಸೇತುವೆಗಳಿಲ್ಲದ ಆ ಕಾಲದಲ್ಲಿ ಒಂದು ಸ್ಥಳದಿಂದ ಮತ್ತೊಂದಕ್ಕೆ ಹೋಗಬೇಕಾದರೆ ದೋಣಿಯನ್ನು ಕಾಯಬೇಕು. ಬರಿಗಾಲಿನಲ್ಲಿ ನಡೆಯುವುದು ಅವರ ನೇಮ. ಒಬ್ಬ ಪಾದ್ರಿಯು ಎಲ್ಲೆಡೆಯೂ ಇರಲಾರನೆಂಬುದು ಪುಸ್ತಕದಿಂದಲ್ಲ, ಕಡವಿನಿಂದ ತಿಳಿಯುವ ಸಂಗತಿ. ವಾಜರು ಸಣ್ಣ ಶಾಲೆಗಳನ್ನು ತೆರೆದರು. ಊರವರೇ ಕೂಡಿ ನಡಸಬಲ್ಲ ಭಕ್ತಮಂಡಳಿಗಳನ್ನು ಕಟ್ಟಿದರು. ಕುಂದಾಪುರದ ಇಗರ್ಜಿಯಲ್ಲಿ ಪ್ರಾರ್ಥಿಸುತ್ತಿದ್ದಾಗ ಅವರು ನೆಲದಿಂದ ಮೇಲೆದ್ದಿದ್ದರೆಂಬ ಐತಿಹ್ಯವನ್ನು ಭಕ್ತರು ಹೇಳುತ್ತಾರೆ. ಚರಿತ್ರೆಗೆ ಅವರು ನೆಲದ ಮೇಲೆ ನಡೆದುದೇ ಹೆಚ್ಚಿನದು.

1684ರಲ್ಲಿ ಗೋವೆಗೆ ಮರಳಿ, ಮರುವರ್ಷ ‘ಒರಟರಿ’ ಎಂಬ ಗುರುಸಂಘವನ್ನು ಸೇರಿ ಅದರ ಹಿರಿಯರಾದ ವಾಜರು 1687ರಲ್ಲಿ ಕೂಲಿಯಾಳಿನ ವೇಷದಿಂದ ಜಾಫ್ನಾವನ್ನು ಸೇರಿದರು. ಡಚ್ಚರು 1658ರಲ್ಲಿ ಆ ಪಟ್ಟಣವನ್ನು ಹಿಡಿದಂದಿನಿಂದ ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕನ್ನಡ ಕರಾವಳಿಯಲ್ಲಿ ಮನೆಮಾತು ಸಾಕಾಗಿತ್ತು. ಅಲ್ಲಿ ಅದು ನಡೆಯದು. ಮೂವತ್ತಾರನೆಯ ವಯಸ್ಸಿನಲ್ಲಿ ಅವರು ತಮಿಳನ್ನು ಕಲಿತರು. 1692ರಲ್ಲಿ ಕ್ಯಾಂಡಿಯ ಅರಸನು ಪೋರ್ತುಗೀಸರ ಗೂಢಚಾರನೆಂದು ಅವರನ್ನು ಬಂಧನದಲ್ಲಿಟ್ಟಾಗ, ಆ ಬಂಧನವನ್ನೇ ಪಾಠಶಾಲೆ ಮಾಡಿಕೊಂಡು ಸಿಂಹಳೀ ಭಾಷೆಯನ್ನು ಅಭ್ಯಾಸಮಾಡಿದರು. ನಲವತ್ತು ದಾಟಿದ ದೈವಶಾಸ್ತ್ರಜ್ಞನು ಅಕ್ಷರಮಾಲೆಯಿಂದ ಆರಂಭಿಸುವುದು ಎಳೆಯರ ಕಲಿಕೆಗಿಂತ ಕಷ್ಟದ್ದು. ಅದಕ್ಕೆ ಬುದ್ಧಿಗಿಂತ ಮೊದಲು ಗರ್ವವು ಬಾಗಬೇಕು.

ಗುರುಗಳಿಲ್ಲದ ಊರುಗಳಲ್ಲಿ ‘ಮೂಪ್ಪು’ ಎಂಬ ಹಿರಿಯನನ್ನೂ ‘ಅಣ್ಣಾವಿ’ ಎಂಬ ಬೋಧಕನನ್ನೂ ಅವರು ನೇಮಿಸಿದರು. ಪ್ರಾರ್ಥನೆ ನಡಸುವುದು, ಮಕ್ಕಳಿಗೆ ಕಲಿಸುವುದು, ಸಾಯುವವರ ಬಳಿಯಲ್ಲಿರುವುದು ಈ ಗೃಹಸ್ಥರ ಕೆಲಸ. ಗುರುಗಳು ಸುತ್ತಿನ ಮೇಲೆ ಬಂದಾಗ ಇವರಿಗೆ ಪುನಃ ಪಾಠವಾಗುತ್ತಿತ್ತು. ಕುಂದಾಪುರದ ಕಡೆಯ ಭಕ್ತಮಂಡಳಿಗಳ ಅನುಭವವು ಈ ಏರ್ಪಾಡಿನ ಹಿಂದಿತ್ತೆಂದು ಊಹಿಸಿದರೆ ತಪ್ಪಾಗಲಾರದು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಿತು. ಜನರು ರೋಗಿಗಳನ್ನು ಬಿಟ್ಟು ಪಲಾಯನಮಾಡಿದರು. ವಾಜರೂ ಅವರ ಸೋದರಳಿಯ ಜೋಸೆಫ್ ಕಾರ್ವಾಲೊ ಪಾದ್ರಿಯೂ ಉಳಿದು, ತೆರವಾದ ಮನೆಗಳಲ್ಲಿ ರೋಗಿಗಳನ್ನು ಮಲಗಿಸಿ, ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ರೋಗಿಯು ಬೌದ್ಧನೋ ಕ್ರೈಸ್ತನೋ ಎಂಬ ವಿಚಾರಣೆ ನಡೆಯಲಿಲ್ಲ. ಅವರಿಗೆ ವೈದ್ಯವಿದ್ಯೆಯ ಪಾಠವಾಗಿರಲಿಲ್ಲ. ಆದರೆ ‘ನೀರು’ ಎಂದು ಸಿಂಹಳೀಯಲ್ಲಿ ಕೇಳಿದವನ ಮಾತು ಅರ್ಥವಾಗುತ್ತಿತ್ತು. ಬಂಧನದ ವ್ಯಾಕರಣಪಾಠವು ಇಲ್ಲಿ ಫಲಿಸಿತು. ಅವರ ತರುವಾಯದ ಜಾಕೋಮೆ ಗೊನ್ಸಾಲ್ವಿಸರು 1705ರಲ್ಲಿ ಬಂದು ಸಿಂಹಳೀಯಲ್ಲಿ ಗ್ರಂಥಕರ್ತರೇ ಆದರು. ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ರೋಮಾಪುರಿಯ ಧರ್ಮಸಭೆಯು ಅವರನ್ನು ಸಂತರೆಂದು ಸಾರಿತು.

ಅಧಿಕಾರದ ಆ ಹಳೆಯ ಜಗಳವು ಮಾತ್ರ ಅವರೊಡನೆ ತೀರಲಿಲ್ಲ. 1886ರ ಒಡಂಬಡಿಕೆಯಿಂದ ಅದು ಮತ್ತೆ ಕೆರಳಿ, ಬ್ರಹ್ಮಾವರದ ಹಲವು ಕೊಂಕಣಿ ಕುಟುಂಬಗಳು ಅಂತಿಯೋಕ್ಯದ ಸುರಿಯಾನಿ ಸಭೆಯನ್ನು ಸೇರಿದುವು. 1889ರಲ್ಲಿ ಅವರ ಬಿಷಪರಾದ ಅಲ್ವಾರಿಸ್ ಮಾರ್ ಯೂಲಿಯೋಸರೂ ಗೋವೆಯವರೇ. ಬಡವರ ನಡುವೆ ದುಡಿಯುತ್ತ ಕಾಲರಾ ಬೇನೆಯ ವಿಷಯವನ್ನು ಓದಿ ತಿಳಿದು, ಅದರ ಚಿಕಿತ್ಸೆಯನ್ನು ಕುರಿತು ಪೋರ್ತುಗೀಸಿನಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದವರು ಇವರು. 1923ರಲ್ಲಿ ರಿಬಂದರದ ಆಸ್ಪತ್ರೆಯಲ್ಲಿ ಮೃತರಾದರು. ಅವರ ಸಂಗಡಿಗರಾದ ರೋಕ್ ಜೆಫ್ರಿನ್ ನೊರೊನ್ಹ ಪಾದ್ರಿಗಳು ಬ್ರಹ್ಮಾವರದಲ್ಲಿಯೇ ನಿಂತು, 1936ರಲ್ಲಿ ತೀರಿಕೊಳ್ಳುವ ತನಕ ಆ ಒಕ್ಕಲುಗಳ ಸೇವೆಯನ್ನು ನಡಸಿದರು.