ಸವೆದಷ್ಟೂ ಬೆಲೆ: ನಮ್ಮ ಹಾಲ್‌ನ ಶೋಕೇಸ್ ಚರಿತ್ರೆ

ಭಾಗ 1/5

ಬಾಪೂಜಿ ನಗರದಲ್ಲಿ ಸ್ವಲ್ಪ ಹಳೇ ಮನೆಗೆ ಹೋದ್ರೆ ಹಾಲ್‌ನಲ್ಲಿ ಒಂದು ಗಾಜಿನ ಶೋಕೇಸ್ ಸಿಗೋದು ಹೆಚ್ಚುಕಮ್ಮಿ ಗ್ಯಾರಂಟಿ. ಒಳಗೇನಿರತ್ತೆ ಅಂತ ನಿಮಗೂ ಗೊತ್ತು. ಚನ್ನಪಟ್ಟಣದ ಬೊಂಬೆ, ಬೀಟೆ ಮರದ ಆನೆ, ಯಾರದೋ ಸ್ಕೂಲ್ ಕಪ್ಪು, ಗೃಹಪ್ರವೇಶಕ್ಕೆ ಬಂದ ಗಡಿಯಾರ. ಮೇಲೆ ಗೋಡೆಯಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿ ಫೋಟೋ. ಎಲ್ಲಾ ಸೇರಿಸಿ ಗುಜರಿಗೆ ಹಾಕಿದ್ರೆ ಒಂದು ಊಟದ ದುಡ್ಡೂ ಬರಲ್ಲ. ಆದ್ರೆ ಮನೇಲಿ "ಇದನ್ನ ಕೊಟ್ಟುಬಿಡೋಣ್ವಾ?" ಅಂತ ಒಂದು ಸಲ ಕೇಳಿ ನೋಡಿ!

ಬಿಕಾಂ ಓದೋರಿಗೆಲ್ಲ 'ಸವಕಳಿ' ಗೊತ್ತು. ವಸ್ತು ಬಳಸ್ತಾ ಬಳಸ್ತಾ ಸವೆಯತ್ತೆ, ಅದಕ್ಕೇ ವರ್ಷ ವರ್ಷ ಲೆಕ್ಕದಲ್ಲಿ ಅದರ ಬೆಲೆ ಇಳಿಸ್ತಾ ಹೋಗ್ತೀವಿ. ಶೋಕೇಸ್‌ಗೆ ಮಾತ್ರ ಈ ಲೆಕ್ಕ ಉಲ್ಟಾ. ಯಾಕೆ ಅಂತ ಮೂರು ಸಾಮಾನು ಇಟ್ಕೊಂಡು ನೋಡೋಣ.

ಭಾಗ 2/5: ಗೋಡೆ ಮೇಲಿನ ಲಕ್ಷ್ಮಿ

ಒಂದು ಕಾಲದಲ್ಲಿ ಮನೆ ಗೋಡೆಗೆ ದೇವರ ಚಿತ್ರ ಅಂದ್ರೆ ದುಡ್ಡಿರೋರ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಕಾಲದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಗಳನ್ನೇ ತಗೊಳ್ಳಿ. ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು, ಎಲ್ಲವೂ ಕೈಕೆಲಸ. ಒಬ್ಬ ಚಿತ್ರಗಾರ ಕೂತು ಬರೆದ್ರೆ ಒಂದು ಚಿತ್ರ.

ಇದನ್ನ ಬದಲಾಯಿಸಿದ್ದು ರಾಜಾ ರವಿವರ್ಮ. ಅವರು 1894ರಲ್ಲಿ ಬಾಂಬೆಯಲ್ಲಿ ಒಂದು ಪ್ರೆಸ್ ಶುರು ಮಾಡಿದ್ರು. ಯಂತ್ರ ಜರ್ಮನಿಯದ್ದು, ತಂತ್ರಜ್ಞರೂ ಅಲ್ಲಿಯವರೇ. ಕಲ್ಲಿನ ಮೇಲೆ ಚಿತ್ರ ಬರೆದು, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಿಂದ ಒತ್ತಿ ಅಚ್ಚು ಹಾಕೋ ವಿಧಾನ. ಆಮೇಲೆ ಪ್ರೆಸ್ ಲೋಣಾವಳ ಹತ್ತಿರದ ಮಳವಲಿಗೆ ಹೋಯ್ತು. ಸಾಲ ಏರಿ, ಕೊನೆಗೆ ಫ್ರಿಟ್ಸ್ ಶ್ಲೈಷರ್ ಅನ್ನೋ ಜರ್ಮನ್ ತಂತ್ರಜ್ಞನ ಕೈ ಸೇರಿತು. ಅಂದ್ರೆ ವ್ಯಾಪಾರದಲ್ಲಿ ರವಿವರ್ಮ ಸೋತ್ರು, ಆದ್ರೆ ಚಿತ್ರ ಗೆದ್ದುಬಿಡ್ತು. ದೇವಸ್ಥಾನದ ಒಳಗೆ ಬಿಡದಿದ್ದ ಜಾತಿಯವರ ಮನೆಗೂ ಸೀರೆ ಉಟ್ಟ ಲಕ್ಷ್ಮಿ, ಸರಸ್ವತಿ ಬಂದ್ರು. ಅವರು ಕೈಯಾರೆ ಬರೆದ ಚಿತ್ರಗಳನ್ನ ನೋಡಬೇಕಾ? ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ.

ಈಗ ನನಗಿಷ್ಟವಾದ ವಿಷಯ. ಅಚ್ಚಾದ ಮೇಲೆ ಎಲ್ಲರ ಮನೆ ಲಕ್ಷ್ಮಿಯೂ ಒಂದೇ ಥರ ಅಲ್ವಾ? ಜನ ಹಾಗೇ ಬಿಡಲಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಆ ಪ್ರಿಂಟ್ ಮೇಲೇ ಜರಿ, ಬಟ್ಟೆ, ಚಮಕಿ, ಮಣಿ ಅಂಟಿಸಿ ದೇವಿಗೆ ಸೀರೆ ಉಡಿಸಿದ್ರು. ಹಾಗೆ ಸಿಂಗರಿಸಿದ ಪ್ರಿಂಟ್‌ಗಳನ್ನ ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗ್ತಾರೆ. ಸಾವಿರದಲ್ಲಿ ಒಂದಾಗಿದ್ದ ಕಾಗದ, ಒಂದು ಮನೆಯ ಕೈ ಬಿದ್ದ ಮೇಲೆ ಆ ಮನೆಯದ್ದೇ ಆಯ್ತು.

ಭಾಗ 3/5: ಚನ್ನಪಟ್ಟಣದ ಬೊಂಬೆ

ನಮ್ಮ ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಮೈಸೂರು ಕಡೆ ಬಸ್ ಹತ್ತಿದ್ರೆ ಚನ್ನಪಟ್ಟಣ ಸುಮಾರು 60 ಕಿ.ಮೀ. ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಕುಶಲಕರ್ಮಿಗಳು ಬಂದು ಕಲಿಸಿದ್ರು ಅನ್ನೋದು ಅಲ್ಲಿ ಎಲ್ಲರೂ ಹೇಳೋ ಮಾತು. ಹಳೇ ಪದ್ಧತಿಯಲ್ಲಿ ಆಲೆ ಮರ ಬಳಸ್ತಿದ್ರು. ಬೆಳ್ಳಗೆ, ಮೆತ್ತಗೆ ಇರೋ ಮರ ಅದು. ಅದನ್ನ ಲೇತ್‌ಗೆ ಕಟ್ಟಿ ತಿರುಗಿಸಿ, ಉಳಿಯಿಂದ ಆಕಾರ ಕೊಟ್ಟು, ತಿರುಗ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜೋ ಬಿಸಿಗೇ ಅರಗು ಕರಗಿ ಮರಕ್ಕೆ ಕೂರತ್ತೆ. ಆಮೇಲೆ ಒಣಗಿದ ಗರಿಯಿಂದ ತಿಕ್ಕಿ ಹೊಳಪು ಕೊಡ್ತಾರೆ. ಬ್ರಷ್ ಬೇಡ, ಒಲೆನೂ ಬೇಡ.

2005-06ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ತು. ಆದ್ರೆ ನಿಮ್ಮ ಮನೆಯಲ್ಲಿರೋ ಬೊಂಬೆಯನ್ನ ಅಮ್ಮ ಎತ್ತಿಟ್ಟಿರೋದು ಟ್ಯಾಗ್ ನೋಡಿ ಅಲ್ಲ. ಅದರ ತಲೆ ಕಡೆ ಅರಗು ಕಿತ್ತು ಮರ ಕಾಣ್ತಿದ್ರೆ, ಅದು ನಿಮ್ಮ ಹಲ್ಲು ಮೂಡಿದಾಗ ಕಚ್ಚಿದ ಗುರುತೇ ಇರಬಹುದು. ಲೆಕ್ಕದಲ್ಲಿ ಅದು ಸವಕಳಿ. ಅಮ್ಮನಿಗೆ ಅದೇ ಬೆಲೆ.

ಭಾಗ 4/5: ಪಟ್ಟದ ಗೊಂಬೆ

ಮೈಸೂರಿನ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ರು. ಅರಮನೆಯಲ್ಲಿ ಗೊಂಬೆಗಳಿಗೇ ಅಂತ 'ಗೊಂಬೆ ತೊಟ್ಟಿ' ಇದೆ. ಮನೆಗಳಲ್ಲಿ ನವರಾತ್ರಿಗೆ ಮೆಟ್ಟಿಲು ಕಟ್ಟಿ, ಎಲ್ಲಕ್ಕಿಂತ ಮೇಲೆ ಕೂರಿಸೋದು ರಾಜ ರಾಣಿ ಜೋಡಿಯನ್ನ. ಅದೇ ಪಟ್ಟದ ಗೊಂಬೆ. ಸಾಮಾನ್ಯವಾಗಿ ರಕ್ತಚಂದನದ್ದು, ಮದುವೆಯಲ್ಲಿ ಹುಡುಗಿಗೆ ತವರಿನಿಂದ ಕೊಡೋ ಪದ್ಧತಿ.

ನಮ್ಮ ಅಜ್ಜಿಯ ಜೋಡಿಯಲ್ಲಿ ರಾಣಿಗೆ ಮೂಗೇ ಇಲ್ಲ, ಸವೆದು ಹೋಗಿದೆ. ಮೂರು ಬಾಡಿಗೆ ಮನೆ ಬದಲಾಯಿಸಿದೀವಿ. ಮೂರು ಸಲವೂ ಸಾಮಾನೆಲ್ಲ ಲಗೇಜ್ ಆಟೋದಲ್ಲಿ, ಗೊಂಬೆ ಮಾತ್ರ ಅಜ್ಜಿ ಮಡಿಲಲ್ಲಿ. ಈಗಿರೋ ಮನೆಯನ್ನ ಓನರ್ ಕೆಡವಿ ಕಟ್ಟಿಸ್ತಾರಂತೆ. ಹೊಸ ಮನೆಯಲ್ಲಿ ಶೋಕೇಸ್‌ಗೆ ಜಾಗ ಇಲ್ಲ, ಒಬ್ಬೊಬ್ಬರು ಒಂದೊಂದೇ ಇಟ್ಕೊಳ್ಳಿ ಅಂತ ಅಮ್ಮ ಹೇಳಿದ್ರು. ಅಜ್ಜಿ ಯೋಚನೆನೇ ಮಾಡಲಿಲ್ಲ. ಯಾಕಜ್ಜಿ ಇದೇ ಅಂದೆ. "ನಮ್ಮಮ್ಮಂದು ಒಂದು ಫೋಟೋ ಕೂಡ ಇಲ್ಲ ಕಣೇ. ಅವಳು ಪ್ರತಿ ವರ್ಷ ಒರೆಸಿ, ಸೀರೆ ಉಡಿಸಿದ ಗೊಂಬೆ ಇದು. ಆ ಮೂಗು ಸವೆಸಿದ್ದೂ ಅವಳೇ."

ಮುತ್ತಜ್ಜಿ ಬಗ್ಗೆ ಈ ಪ್ರಪಂಚದಲ್ಲಿ ಉಳಿದಿರೋ ದಾಖಲೆ ಅಂದ್ರೆ ಆ ಇಲ್ಲದ ಮೂಗು.

ಭಾಗ 5/5

ಮೂರನ್ನೂ ಒಟ್ಟಿಗಿಟ್ಟು ನೋಡಿ. ಒಂದು ಪ್ರೆಸ್‌ನಲ್ಲಿ ಅಚ್ಚಾಗಿದ್ದು, ಒಂದು ಲೇತ್‌ನಲ್ಲಿ ತಿರುಗಿದ್ದು, ಒಂದು ಜಾತ್ರೆ ಅಂಗಡಿಯಲ್ಲೂ ಸಿಗುವಂಥದ್ದು. ಹುಟ್ಟಿದಾಗ ಯಾವುದೂ ಅಪರೂಪ ಅಲ್ಲ. ತಂದವರು, ಒರೆಸಿದವರು, ಕಚ್ಚಿದವರು, ಉಡಿಸಿದವರು ಸೇರಿ ಅಪರೂಪ ಮಾಡಿದ್ರು. ಅಂಗಡಿಯಲ್ಲಿ ಇನ್ನೊಂದು ಸಿಗತ್ತೆ, ಆದ್ರೆ ಆ ಸವಕಳಿ ಸಿಗಲ್ಲ.

ತೊಂದರೆ ಏನಂದ್ರೆ, ಈ ಕಥೆ ವಸ್ತುವಿನ ಮೇಲೆ ಬರೆದಿರಲ್ಲ. ಗೊತ್ತಿರೋರು ಹೋದ್ರೆ ಉಳಿಯೋದು ಬರೀ ಮುರುಕು ಗೊಂಬೆ, ಅದು ಮುಂದಿನ ಸಲ ಮನೆ ಬದಲಾಯಿಸುವಾಗ ಗುಜರಿಗೆ. ನಮ್ಮ ಏರಿಯಾದಲ್ಲಿ ಹಳೇ ಮನೆಗಳು ಹೋಗ್ತಿರೋ ಸ್ಪೀಡ್ ನೀವೂ ನೋಡ್ತಿದೀರ.

ಹಾಗಾಗಿ ಈ ಭಾನುವಾರ ಒಂದೇ ಕೆಲಸ. ಮನೇಲಿ ಎಲ್ಲರಿಗಿಂತ ದೊಡ್ಡವರನ್ನ ಶೋಕೇಸ್ ಮುಂದೆ ಕೂರಿಸಿ, "ಇದು ಯಾರು ತಂದಿದ್ದು? ಎಲ್ಲಿ ಮುಕ್ಕಾಯ್ತು?" ಅಂತ ಕೇಳಿ. ಅವರು ಹೇಳಿದ್ದನ್ನ ಒಂದು ಚೀಟಿಯಲ್ಲಿ ಬರೆದು, ಇಸವಿ ಹಾಕಿ, ಅದರ ತಳಕ್ಕೇ ಅಂಟಿಸಿ. ಆಮೇಲೆ ಕಾಮೆಂಟಲ್ಲಿ ನನಗೂ ಹೇಳಿ: ನಿಮ್ಮ ಮನೆಯಲ್ಲಿ ಒಂದೇ ಉಳಿಸ್ಕೋಬೇಕು ಅಂದ್ರೆ, ಯಾವುದು?

#ಬಾಪೂಜಿನಗರ #ಶೋಕೇಸ್‌ಚರಿತ್ರೆ #ಚನ್ನಪಟ್ಟಣಬೊಂಬೆ #ಪಟ್ಟದಗೊಂಬೆ