ಬಡಾವಣೆಯ ನಡುವೆ ಉಳಿದ ಮನೆ: ಲ್ಯಾನ್‌ರಮ್ನಿ ಹಾಲ್

ಊರಿನಿಂದ ನೆಂಟರು ಬಂದಾಗ ಕಾರ್ಡಿಫ್‌ನ ನಾವೆಲ್ಲ ಅವರನ್ನು ಕೋಟೆಗೆ ಕರೆದೊಯ್ಯುತ್ತೇವೆ, ಕೊಲ್ಲಿಯ ದಂಡೆಗೆ ಕರೆದೊಯ್ಯುತ್ತೇವೆ, ಬಿಡುವಿದ್ದರೆ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯಕ್ಕೂ ಹೋಗುತ್ತೇವೆ. ನಗರದ ಪೂರ್ವಕ್ಕಿರುವ ಲ್ಯಾನ್‌ರಮ್ನಿಗೆ ಮಾತ್ರ ಯಾರೂ ಕರೆದೊಯ್ಯುವುದಿಲ್ಲ. ಅಲ್ಲಿ ಕಣ್ಣಿಗೆ ಬೀಳುವುದು ಎರಡನೇ ಮಹಾಯುದ್ಧದ ನಂತರ ನಗರಸಭೆ ಕಟ್ಟಿಸಿದ ಮನೆಗಳ ಸಾಲು, ಶಾಲೆ, ಅಂಗಡಿ, ಬಸ್ ನಿಲ್ದಾಣ. ಆ ಸಾಲುಗಳ ನಡುವೆ, ಬಾಲ್ ರೋಡ್ ಪಕ್ಕದಲ್ಲಿ, ಅಗಲವಾದ ಹುಲ್ಲುಹಾಸಿನ ಮೇಲೆ ಒಂದು ದೊಡ್ಡ ಹಳೇ ಮನೆ ನಿಂತಿದೆ. ಅದೇ ಲ್ಯಾನ್‌ರಮ್ನಿ ಹಾಲ್. ಒಂದು ಕಾಲಕ್ಕೆ ಜಮೀನ್ದಾರರ ವಾಸದ ಮನೆ, ಬಡಾವಣೆ ಬಂದ ಮೇಲೆ ಅಲ್ಲಿನವರ ಪಬ್. ನಮ್ಮ ಸಂಘದ ಈ ಪತ್ರಿಕೆಯ ಓದುಗರು ಒಮ್ಮೆಯಾದರೂ ಹೋಗಿ ನೋಡಬೇಕಾದ ಜಾಗ ಅದು.

ಈ ನೆಲ ಮೊದಲು ಬ್ರಿಸ್ಟಲ್ ಬಳಿಯ ಕೇನ್‌ಶಮ್ ಮಠದ್ದು. 1530ರ ದಶಕದಲ್ಲಿ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ಕಿತ್ತುಕೊಂಡಾಗ ಅದು ಮಠದ ಕೈಬಿಟ್ಟಿತು. ಮುಂದೆ ಕೆಮೀಸ್ ಎಂಬ ಮನೆತನಕ್ಕೆ, ಮದುವೆಯ ಸಂಬಂಧದಿಂದ ಮಾರ್ಗನ್ ಮನೆತನಕ್ಕೆ ಸೇರಿತು. ಮನೆಯ ಮೂಲ 15ನೇ ಶತಮಾನದ ನಡುವಿನದು ಎನ್ನುತ್ತಾರೆ. ನಂತರ ಬಂದವರು ತಮಗೆ ಬೇಕಾದಂತೆ ಸೇರಿಸುತ್ತಾ, ತೆಗೆಯುತ್ತಾ ಹೋಗಿದ್ದಾರೆ. ವೇಲ್ಸ್‌ನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಎರಡನೇ ದರ್ಜೆಯಲ್ಲೇ ಮೇಲಿನ ಸ್ಥಾನ ಸಿಕ್ಕಿದೆ. ವೇಲ್ಸ್‌ನ ಕೊನೆಯ ಸ್ವತಂತ್ರ ರಾಜಕುಮಾರ, 1282ರಲ್ಲಿ ಸತ್ತ ಲೆವೆಲಿನ್‌ನ ಮೂಳೆಗಳು ಇಲ್ಲಿ ಅಡಗಿವೆ ಎಂಬ ಕಥೆಯೂ ಇದೆ. ಅದು ಕಥೆ ಮಾತ್ರ. ಆದರೂ ಜನ ಅಂಥ ಕಥೆ ಕಟ್ಟಿ ಹೇಳುವುದು ತಮಗೆ ಬೇಕಾದ ಮನೆಯ ಬಗ್ಗೆಯೇ.

ಈ ಮನೆಗೆ ಹೆಸರು ತಂದವನು ಹೆನ್ರಿ ಮಾರ್ಗನ್. 1635ರ ಸುಮಾರಿಗೆ ಹುಟ್ಟಿದವನು. ಹುಟ್ಟಿದ್ದು ಇಲ್ಲೇ ಎಂದು ಲ್ಯಾನ್‌ರಮ್ನಿಯವರು, ಪೆನ್‌ಕಾರ್ನ್‌ನಲ್ಲಿ ಎಂದು ಇನ್ನು ಕೆಲವರು ಹೇಳುತ್ತಾರೆ. ಕೆರಿಬಿಯನ್ ಕಡಲಿನಲ್ಲಿ ಸ್ಪ್ಯಾನಿಷರ ಊರುಗಳ ಮೇಲೆ ದಾಳಿ ಮಾಡುವುದು ಅವನ ಕಸುಬು, ಅದಕ್ಕೆ ಜಮೈಕಾದ ಇಂಗ್ಲಿಷ್ ಗವರ್ನರ್‌ನ ಅಪ್ಪಣೆ ಪತ್ರ ಬೇರೆ. 1668ರಲ್ಲಿ ಪೋರ್ಟೊಬೆಲೊ ದೋಚಿದ. 1671ರಲ್ಲಿ ಪನಾಮಾಕ್ಕೆ ನುಗ್ಗಿದ. ಆ ಹೊತ್ತಿಗಾಗಲೇ ಇಂಗ್ಲೆಂಡ್ ಮತ್ತು ಸ್ಪೇನ್ ನಡುವೆ ಒಪ್ಪಂದವಾಗಿತ್ತು. ಸ್ಪೇನ್ ಸಿಟ್ಟಾಯಿತು. ಮಾರ್ಗನ್‌ನನ್ನು ಬಂಧಿಸಿ 1672ರಲ್ಲಿ ಲಂಡನ್‌ಗೆ ತಂದರು. ಶಿಕ್ಷೆಯಾಗುವ ಬದಲು 1674ರಲ್ಲಿ ಅವನಿಗೆ ಸರ್ ಪದವಿ ಸಿಕ್ಕಿತು, ಜಮೈಕಾದ ಉಪ ಗವರ್ನರ್ ಆಗಿ ವಾಪಸ್ ಹೋದ. ಅವನ ಜೊತೆಯಲ್ಲೇ ಹಡಗಿನಲ್ಲಿದ್ದ ಎಕ್ಸ್‌ಕ್ವೆಮೆಲಿನ್ ಎಂಬವನು ಆ ದಾಳಿಗಳ ಕ್ರೌರ್ಯವನ್ನು ಪುಸ್ತಕವಾಗಿ ಬರೆದ. ಇಂಗ್ಲಿಷ್ ಅನುವಾದ ಬಂದಾಗ ಮಾರ್ಗನ್ ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿ ಗೆದ್ದ. ತಾನು ಬಾರ್ಬಡೋಸ್‌ಗೆ ಜೀತದಾಳಾಗಿ ಹೋಗಿದ್ದೆ ಎಂದು ಬರೆದದ್ದು ಅವನನ್ನು ಕೆರಳಿಸಿತ್ತು. ತಾನು ಮನೆತನಸ್ಥ ಎಂಬುದನ್ನು ಅವನು ಯಾರ ಬಾಯಲ್ಲೂ ಹಗುರಾಗಲು ಬಿಡಲಿಲ್ಲ.

ಜಮೈಕಾದಲ್ಲಿ ಅವನು ಮಾಡಿಕೊಂಡ ಕಬ್ಬಿನ ತೋಟಕ್ಕೂ ಲ್ಯಾನ್‌ರಮ್ನಿ ಎಂದೇ ಹೆಸರಿಟ್ಟ. 1688ರಲ್ಲಿ ಸಾಯುವಾಗ ಅವನ ಒಡೆತನದಲ್ಲಿ ನೂರಕ್ಕೂ ಹೆಚ್ಚು ಆಫ್ರಿಕನ್ ಗುಲಾಮರಿದ್ದರು. ಈ ಮಾತನ್ನು ಒತ್ತಿ ಹೇಳಬೇಕು. ಕಾರಣ, 1944ರಲ್ಲಿ ಸೀಗ್ರಾಮ್ ಕಂಪನಿ ಕ್ಯಾಪ್ಟನ್ ಮಾರ್ಗನ್ ಹೆಸರಿನಲ್ಲಿ ರಮ್ ಮಾರಲು ಹೊರಟ ಮೇಲೆ ಜಗತ್ತಿಗೆ ಗೊತ್ತಿರುವ ಮಾರ್ಗನ್, ಸೀಸೆಯ ಮೇಲಿನ ಚಿತ್ರದಲ್ಲಿ ಕಾಲೂರಿ ನಿಂತ ನಗುಮುಖದವನು. ಆ ಚಿತ್ರದಲ್ಲಿ ಕಬ್ಬಿನ ಗದ್ದೆಯ ಗುಲಾಮರಿಲ್ಲ. ಟ್ರಿನಿಡಾಡ್‌ನಲ್ಲಿ ಗವರ್ನರ್ ಆಗಿದ್ದಾಗ ಕ್ರೌರ್ಯಕ್ಕೆ ಹೆಸರಾದ ಥಾಮಸ್ ಪಿಕ್ಟನ್‌ನ ಅಮೃತಶಿಲೆಯ ಪ್ರತಿಮೆಯನ್ನು ನಮ್ಮ ಸಿಟಿ ಹಾಲ್‌ನ ವೀರರ ಸಾಲಿನಿಂದ ತೆಗೆಯಲು ನಗರಸಭೆ 2020ರಲ್ಲಿ ಮತ ಹಾಕಿತು. ಮಾರ್ಗನ್‌ನ ವಿಷಯದಲ್ಲೂ ಮಕ್ಕಳಿಗೆ ಪೂರ್ತಿ ಕಥೆ ಹೇಳುವುದೇ ಸರಿ: ಸಾಹಸ, ದರೋಡೆ, ಗುಲಾಮಗಿರಿ, ಮೂರನ್ನೂ ಸೇರಿಸಿ.

ಮನೆ ಪಬ್ ಆದದ್ದಕ್ಕೆ ಕಾರಣ ಯುದ್ಧ. 1941ರ ಜನವರಿ 2ರ ರಾತ್ರಿ ಜರ್ಮನ್ ವಿಮಾನಗಳು ಕಾರ್ಡಿಫ್ ಮೇಲೆ ಬಾಂಬ್ ಸುರಿದಾಗ ಲ್ಯಾಂಡಾಫ್ ಕೆಥೀಡ್ರಲ್‌ಗೂ ಪೆಟ್ಟಾಯಿತು, ಎಷ್ಟೋ ಮನೆಗಳು ಬಿದ್ದವು. ಅದಕ್ಕೂ ಮೊದಲೇ ಬಂದರು ಪ್ರದೇಶದಲ್ಲಿ ಕಾರ್ಮಿಕರ ಕುಟುಂಬಗಳು ಇಕ್ಕಟ್ಟಿನಲ್ಲಿದ್ದವು. ಕಲ್ಲಿದ್ದಲಿನ ಹಡಗುಗಳಿಂದ ಬೆಳೆದ ಊರಿದು, 1913ರಲ್ಲಿ ಇಲ್ಲಿಂದ ಸಾಗಿದ ಕಲ್ಲಿದ್ದಲು ಒಂದು ಕೋಟಿ ಟನ್ ದಾಟಿತ್ತು. ಆ ದುಡ್ಡು ಮಾತ್ರ ದುಡಿದವರ ಮನೆಗೆ ಹೋಗಿರಲಿಲ್ಲ. ಯುದ್ಧ ಮುಗಿದ ಮೇಲೆ ನಗರಸಭೆ ರಮ್ನಿ ನದಿಯಾಚೆಯ ಹೊಲಗಳನ್ನು ಕೊಂಡು ಮನೆ ಕಟ್ಟಿಸತೊಡಗಿತು. ಅಲ್ಲಿಯವರೆಗೆ ಲ್ಯಾನ್‌ರಮ್ನಿ ಕಾರ್ಡಿಫ್‌ಗೇ ಸೇರಿರಲಿಲ್ಲ, ಮನ್ಮತ್‌ಶೈರ್‌ನ ಹಳ್ಳಿಗಾಡು. ಹೊಸ ಬೀದಿಗಳಿಗೆ ಕೌಂಟಿಸ್‌ಬರಿ, ಡನ್‌ಸ್ಟರ್ ಎಂದು ಕೊಲ್ಲಿಯಾಚೆಯ ಊರುಗಳ ಹೆಸರಿಟ್ಟರು. ಹೊಲದ ನಡುವಿನ ದೊಡ್ಡ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹಲವು ಮನೆ ಕಟ್ಟಬಹುದಿತ್ತು. ಕೆಡವಲಿಲ್ಲ. ಸಾವಿರಾರು ಜನ ಬಂದಿಳಿದ ಹೊಸ ಬಡಾವಣೆಯಲ್ಲಿ ಸಂಜೆ ಕೂರಲು ಜಾಗ ಬೇಕಿತ್ತು. 1950ರ ದಶಕದಲ್ಲಿ ಹಾಲ್ ಪಬ್ ಆಯಿತು.

ಗುಬ್ಬಿಯಿಂದ ನಮ್ಮ ದೊಡ್ಡಮ್ಮ ಬಂದಿದ್ದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ನಿಂತು ಕೇಳಿದರು: "ಏನಪ್ಪಾ, ಕುಡಿಯೋ ಜಾಗಕ್ಕೆ ನನ್ನನ್ನೂ ಮಕ್ಕಳನ್ನೂ ಕರ್ಕೊಂಡು ಬಂದ್ಯಾ?" ಒಳಗೆ ಅಜ್ಜಿಯರು ಚಹಾ ಕುಡಿಯುತ್ತಿದ್ದರು, ಒಂದು ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುತ್ತಿದ್ದರು. ದೊಡ್ಡಮ್ಮ ಒಂದು ಮೂಲೆಯಲ್ಲಿ ಕೂತು ಸುತ್ತ ನೋಡಿ, "ಇದು ನಮ್ಮ ಅರಳಿಕಟ್ಟೆ ಇದ್ದ ಹಾಗೆ ಬಿಡು" ಎಂದರು. ಇಲ್ಲಿನ ಪಬ್ಬಿನ ಬಗ್ಗೆ ಅದಕ್ಕಿಂತ ಸರಿಯಾದ ಮಾತು ನಾನು ಕೇಳಿಲ್ಲ. ಕುಡಿತದಿಂದ ಮನೆ ಹಾಳಾದದ್ದನ್ನು ಕಂಡ ಊರಿನವರಿಗೆ ಆ ಹೆಸರು ಕೇಳಿದರೇ ಮುಜುಗರ, ಅದು ಸಹಜ. ಆದರೆ ಇಲ್ಲಿ ಒಂದು ಬೀದಿಯವರು ಇನ್ನೊಂದು ಬೀದಿಯವರನ್ನು ಪರಿಚಯ ಮಾಡಿಕೊಂಡದ್ದೇ ಅದರ ಮೇಜುಗಳ ಸುತ್ತ.

ಪಬ್ ಆಗಿಯೂ ಕಷ್ಟ ತಪ್ಪಲಿಲ್ಲ. ಬ್ರಿಟನ್ನಿನ ಉದ್ದಗಲಕ್ಕೂ ಪಬ್‌ಗಳು ಮುಚ್ಚುತ್ತಿರುವ ಕಾಲವಿದು, ಹಳೇ ಕಟ್ಟಡದ ಮಾಡು, ಗೋಡೆಗಳ ದುರಸ್ತಿಯ ಖರ್ಚು ಬೇರೆ. ಕಳೆದ ದಶಕದಲ್ಲಿ ಸ್ಥಳೀಯರೇ ಟ್ರಸ್ಟ್ ಮಾಡಿಕೊಂಡು ಹೊಣೆ ಹೊತ್ತರು. ಊಟ, ಸಮಾರಂಭಗಳ ಜೊತೆಗೆ ಬಡಾವಣೆಯವರಿಗೆ ತರಬೇತಿ, ಚಟುವಟಿಕೆಗಳಿಗೂ ಜಾಗವಾಯಿತು. ಕಾರ್ಡಿಫ್‌ನ ಬೇರೆ ದೊಡ್ಡ ಮನೆಗಳ ಗತಿ ಬೇರೆಬೇರೆ. ರೋತ್ ಕೋರ್ಟ್ ಶವಸಂಸ್ಕಾರದ ಸಂಸ್ಥೆಯಾಗಿದೆ. ಕಲ್ಲಿದ್ದಲು ವ್ಯಾಪಾರಿಗಳ ಇನ್ಸೋಲ್ ಕೋರ್ಟನ್ನು ಜನ ಹೋರಾಡಿ ಉಳಿಸಿಕೊಂಡರು. ನಿತ್ಯ ಜನ ಓಡಾಡುವ ಕಟ್ಟಡದಲ್ಲಿ ಮಾಡು ಸೋರಿದರೆ ಅದೇ ದಿನ ಗೊತ್ತಾಗುತ್ತದೆ, ಕೇಳುವವರೂ ಇರುತ್ತಾರೆ. ಬೀಗ ಹಾಕಿದ ಅರಮನೆಗೆ ಆ ಭಾಗ್ಯವಿಲ್ಲ.

ಈ ಮಾತಿಗೆ ಸಾಕ್ಷಿ ನಮ್ಮ ತುಮಕೂರು ಜಿಲ್ಲೆಯವರೇ ಬೆಂಗಳೂರಿನಲ್ಲಿ ಬಿಟ್ಟಿದ್ದಾರೆ. ಗುಬ್ಬಿಯ ತೋಟದಪ್ಪನವರು ರೈಲು ನಿಲ್ದಾಣದ ಎದುರು ಕಟ್ಟಿಸಿದ ಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಲ್ಲಿ ಆರಂಭವಾಯಿತು. ಸುತ್ತಲಿನ ಬೆಂಗಳೂರು ಗುರುತು ಸಿಗದಷ್ಟು ಬದಲಾದರೂ ಛತ್ರ ಪ್ರಯಾಣಿಕರಿಗೆ ಜಾಗ ಕೊಡುತ್ತಲೇ ಬಂತು. ಅತ್ತ ತುಮಕೂರಿನಲ್ಲಿ, ಬೇರೆ ಊರುಗಳಾಗಿದ್ದ ಬಟವಾಡಿ, ಕ್ಯಾತ್ಸಂದ್ರ ನಗರದೊಳಗೆ ಸೇರಿದವು. ಸೈಟು ಮಾಡುವಾಗ ಹಳೇ ತೊಟ್ಟಿಮನೆಯನ್ನು ಉಳಿಸಿಕೊಂಡು ಅದರ ಸುತ್ತ ಬಡಾವಣೆ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಈಗ ಅದೇ ಜಿಲ್ಲೆಯ ಕುಣಿಗಲ್ಲಿನ ಸರದಿ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಿದ ಅಲ್ಲಿನ ಸ್ಟಡ್ ಫಾರಂ 400 ಎಕರೆಗೂ ಮಿಕ್ಕಿದ ಜಾಗ. 1992ರಲ್ಲಿ ಯುಬಿ ಸಮೂಹದ ಸಂಸ್ಥೆಗೆ ಕೊಟ್ಟ 30 ವರ್ಷಗಳ ಗುತ್ತಿಗೆ ಮುಗಿದಿದೆ, ಅಲ್ಲಿ ಟೌನ್‌ಶಿಪ್ ಮಾಡುವ ಮಾತು ಕೇಳಿಬಂದಿದೆ. ಟಿಪ್ಪುವಿನ ಡೇರೆ, ಸಿಂಹಾಸನದ ಹುಲಿತಲೆ ಇದೇ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿವೆ, ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಕುಟುಂಬ ತಂದದ್ದು. ಅವುಗಳನ್ನು ನೋಡಲು ಟಿಕೆಟ್ ಕೊಂಡು ಹೋಗುವ ನಾವು, ಆ ಕಾಲದ ಕುದುರೆ ಲಾಯಗಳ ನೆಲದ ಬಗ್ಗೆ ಸುಮ್ಮನಿರಬಾರದು. ಜನಕ್ಕೆ ಮನೆ ಬೇಡ ಎಂದು ನಾನು ಹೇಳುತ್ತಿಲ್ಲ. ಲ್ಯಾನ್‌ರಮ್ನಿಯಲ್ಲಿ ಮನೆಗಳೂ ಎದ್ದವು, ಹಾಲ್ ಕೂಡ ಉಳಿಯಿತು, ಅದರ ಮುಂದಿನ ಹಸಿರೂ ಉಳಿಯಿತು.

ಕುಣಿಗಲ್, ಗುಬ್ಬಿ, ತುಮಕೂರಿನ ಕಡೆಯ ಸಂಘದ ಸದಸ್ಯರು ಊರಿಗೆ ಹೋದಾಗ ಅಲ್ಲಿನ ಹಳೇ ಕಟ್ಟಡಗಳ ಫೋಟೋ ತೆಗೆದು, ಅವುಗಳ ಬಗ್ಗೆ ಹಿರಿಯರು ಹೇಳುವುದನ್ನು ಬರೆದು ಈ ಪತ್ರಿಕೆಗೆ ಕಳಿಸಿ. ನಿಮ್ಮ ಕ್ಷೇತ್ರದ ಶಾಸಕರಿಗೆ, ಪುರಸಭೆಗೆ ಒಂದು ಪತ್ರವನ್ನೂ ಬರೆಯಿರಿ. ಸಂಘದ ಮುಂದಿನ ಭಾನುವಾರದ ಊಟವನ್ನು ಲ್ಯಾನ್‌ರಮ್ನಿ ಹಾಲ್‌ನಲ್ಲೇ ಇಟ್ಟುಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.